ಹೆಸರಿಡುವ ಅಧಿಕಾರ ಯಾರದು?



ಲಗ್ನಪತ್ರಿಕೆಯಲ್ಲಿ ಜಿಲ್ಲೆಯ ಹೆಸರನ್ನು ಏನೆಂದು ಅಚ್ಚು ಹಾಕಿಸಬೇಕೆಂಬ ಪ್ರಶ್ನೆಯು ಒಂದು ಮನೆಯ ಪಡಸಾಲೆಯಲ್ಲಿ ಅರ್ಧ ದಿನದ ಚರ್ಚೆಗೆ ಎಡೆಮಾಡಿಕೊಟ್ಟೀತೆಂದು ನಾನು ಎಂದೂ ಭಾವಿಸಿರಲಿಲ್ಲ. ನಮ್ಮ ಬೀಗರ ಮನೆ ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಅಂಚಿಗಿರುವ ಒಂದು ಹಳ್ಳಿಯಲ್ಲಿದೆ. ಅವರ ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು. ಪತ್ರಿಕೆಯ ಕರಡನ್ನು ಮಗ ಬರೆದು ತಂದಿದ್ದರು. ಅದರಲ್ಲಿ 'ಹಾರೋಹಳ್ಳಿ ತಾಲ್ಲೂಕು, ಬೆಂಗಳೂರು ದಕ್ಷಿಣ ಜಿಲ್ಲೆ' ಎಂದಿತ್ತು. ಹಿರಿಯರು ಕನ್ನಡಕವನ್ನು ಹಣೆಗೇರಿಸಿ, "ಇದೆಲ್ಲಿಯ ಜಿಲ್ಲೆಯಪ್ಪಾ? ರಾಮನಗರ ಅಂತ ಹಾಕಿಸು" ಎಂದರು. ಸೊಸೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮಾವಯ್ಯ, ನಮ್ಮ ತವರಿನ ಕಡೆಯವರಿಗೆ ಕನಕಪುರ ತಾಲ್ಲೂಕು ಅಂದರೇನೇ ಗೊತ್ತಾಗೋದು" ಎಂದು ಮೆಲ್ಲನೆ ಸೇರಿಸಿದರು. ಕೊನೆಗೆ ಹಿರಿಯರು ನನ್ನತ್ತ ತಿರುಗಿ, "ಬೀಗರೇ, ತಾವು ಕಚೇರಿಯ ಕಾಗದಗಳ ನಡುವೆ ಬಾಳಿದವರು. ಹೆಸರು ಬದಲಾಯಿಸುವುದಕ್ಕೆ ಇವರಿಗೆ ಅಧಿಕಾರ ಕೊಟ್ಟವರು ಯಾರು? ತಾವೇ ಹೇಳಿ" ಎಂದರು.

ಉತ್ತರವನ್ನು ಅಲ್ಲಿಯೇ ಪೂರ್ತಿಯಾಗಿ ಹೇಳಲಾಗಲಿಲ್ಲ. ಆದುದರಿಂದ ಈ ತಿಂಗಳ ಅಂಕಣವನ್ನು ಆ ಪ್ರಶ್ನೆಗೇ ಮೀಸಲಿಟ್ಟಿದ್ದೇನೆ.

ಮೊದಲು ಆ ಮನೆಯ ಕಬ್ಬಿಣದ ಪೆಟ್ಟಿಗೆಯ ಸಂಗತಿಯನ್ನು ಹೇಳಬೇಕು. ಹಿರಿಯರು ಅದನ್ನು ತೆರೆಸಿ ಒಂದೊಂದೇ ಕಾಗದವನ್ನು ನನ್ನ ಮುಂದಿರಿಸಿದರು. ಅವರ ತಂದೆಯವರ ಕಾಲದ ಕಂದಾಯದ ರಸೀದಿಯಲ್ಲಿ ತಾಲ್ಲೂಕಿನ ಹೆಸರು 'ಕಾನಕಾನಹಳ್ಳಿ' ಎಂದಿತ್ತು. ಕನಕಪುರದ ಹಿಂದಿನ ಹೆಸರು ಅದೇ. ಅನಂತರದ ಒಂದು ಕ್ರಯಪತ್ರದಲ್ಲಿ 'ಮೈಸೂರು ರಾಜ್ಯ, ಬೆಂಗಳೂರು ಜಿಲ್ಲೆ, ಕನಕಪುರ ತಾಲ್ಲೂಕು, ಹಾರೋಹಳ್ಳಿ ಹೋಬಳಿ' ಎಂದು ದುಂಡಗೆ ಬರೆಯಲಾಗಿತ್ತು. 1973ರ ನಂತರದ ಕಾಗದಗಳಲ್ಲಿ ಮೈಸೂರು ಹೋಗಿ ಕರ್ನಾಟಕ ಬಂದಿತ್ತು. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆ ಎರಡಾದ ಮೇಲೆ ಮಗನ ಶಾಲೆಯ ವರ್ಗಾವಣೆ ಪತ್ರದಲ್ಲಿ 'ಬೆಂಗಳೂರು ಗ್ರಾಮಾಂತರ ಜಿಲ್ಲೆ' ಎಂದಾಯಿತು. ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಗಳಾಗಿದ್ದಾಗ, 2007ರ ಆಗಸ್ಟ್ 23ರಂದು, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು; ಮೊಮ್ಮಗಳ ಕಾಗದಗಳಲ್ಲಿ ಆ ಹೆಸರಿದೆ. ಬಳಿಕ ಹಾರೋಹಳ್ಳಿಯೇ ಒಂದು ತಾಲ್ಲೂಕಾಯಿತು. 2025ರ ಮೇ ತಿಂಗಳಲ್ಲಿ ಜಿಲ್ಲೆ 'ಬೆಂಗಳೂರು ದಕ್ಷಿಣ'ವಾಯಿತು. ಮನೆಯ ಮುಂದಿನ ಹೆದ್ದಾರಿಯೂ ಸುಮ್ಮನಿರಲಿಲ್ಲ. 209 ಎಂದಿದ್ದ ಅದರ ಸಂಖ್ಯೆ 948 ಎಂದಾಯಿತು. ಇಷ್ಟೆಲ್ಲ ಆಗುವಾಗ ಆ ಮನೆ ಮಾತ್ರ ಕಟ್ಟಿದ ಜಾಗದಿಂದ ಒಂದು ಅಂಗುಲವೂ ಸರಿದಿಲ್ಲ.

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ನಮ್ಮ ದೇಶದಲ್ಲಿ ಹೆಸರಿಡುವ ಅಧಿಕಾರ ಒಬ್ಬರ ಕೈಯಲ್ಲಿಲ್ಲ. ರಾಜ್ಯದ ಹೆಸರಿಗೆ ಒಂದು ದಾರಿ, ಜಿಲ್ಲೆಯ ಹೆಸರಿಗೆ ಮತ್ತೊಂದು, ಊರಿನ ಹೆಸರಿಗೆ ಇನ್ನೊಂದು. ಪತ್ರಿಕೆಗಳಲ್ಲಿ ಈ ಮೂರೂ ಬೆರೆತುಹೋಗುವುದರಿಂದಲೇ ಜನರಲ್ಲಿ ಗೊಂದಲ.

ರಾಜ್ಯದ ಹೆಸರನ್ನು ಆ ರಾಜ್ಯದ ಸರ್ಕಾರ ತಾನಾಗಿಯೇ ಬದಲಿಸುವಂತಿಲ್ಲ. ಸಂವಿಧಾನದ 3ನೆಯ ಅನುಚ್ಛೇದದ ಪ್ರಕಾರ ಅದು ಸಂಸತ್ತಿನ ಅಧಿಕಾರ. ರಾಷ್ಟ್ರಪತಿಗಳ ಶಿಫಾರಸಿಲ್ಲದೆ ಅಂತಹ ಮಸೂದೆಯನ್ನು ಮಂಡಿಸುವಂತಿಲ್ಲ. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಲೇಬೇಕು. ಆದರೆ ಸಂಸತ್ತಿನಲ್ಲಿ ಸಾಮಾನ್ಯ ಬಹುಮತ ಸಾಕು. 4ನೆಯ ಅನುಚ್ಛೇದ ಅದನ್ನು ಸಂವಿಧಾನದ ತಿದ್ದುಪಡಿಯೆಂದು ಎಣಿಸುವುದಿಲ್ಲ. 1956ರಲ್ಲಿ ಕನ್ನಡ ನಾಡು ಒಂದುಗೂಡಿದಾಗ ಉಳಿದಿದ್ದ 'ಮೈಸೂರು' ಎಂಬ ಹೆಸರು 'ಕರ್ನಾಟಕ'ವಾಗಲು ಹದಿನೇಳು ವರ್ಷ ಹಿಡಿಯಿತು. ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1972ರ ಜುಲೈನಲ್ಲಿ, ವಿಧಾನಮಂಡಲ ನಿರ್ಣಯವನ್ನು ಅಂಗೀಕರಿಸಿತು. ಸಂಸತ್ತು 1973ರಲ್ಲಿ ಮೈಸೂರು ರಾಜ್ಯದ ಹೆಸರು ಬದಲಾವಣೆಯ ಅಧಿನಿಯಮವನ್ನು ಮಾಡಿತು. ಅದೇ ವರ್ಷ ನವೆಂಬರ್ 1ರಿಂದ ನಾವು ಕರ್ನಾಟಕದವರಾದೆವು. ನೆರೆಯ ಕೇರಳದ ವಿಧಾನಸಭೆಯೂ 'ಕೇರಳಂ' ಎಂಬ ಹೆಸರಿಗಾಗಿ 2023ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ನಿರ್ಣಯ ಮಾಡಿ ದೆಹಲಿಗೆ ಕಳುಹಿಸಬೇಕಾಯಿತು.

1973ರ ಆ ಅಧಿನಿಯಮದಲ್ಲಿರುವ ಒಂದು ಏರ್ಪಾಡನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದಕ್ಕೆ ಮರಳಿ ಬರಬೇಕಾಗಿದೆ. ಹಳೆಯ ಕಾನೂನುಗಳಲ್ಲಿ ಮೈಸೂರು ರಾಜ್ಯವೆಂದಿದ್ದರೆ ಅದನ್ನು ಕರ್ನಾಟಕವೆಂದೇ ಅರ್ಥಮಾಡಿಕೊಳ್ಳಬೇಕು. ನ್ಯಾಯಾಲಯದಲ್ಲಿ ಮೈಸೂರು ರಾಜ್ಯದ ಹೆಸರಿನಲ್ಲಿ ನಡೆಯುತ್ತಿದ್ದ ವ್ಯಾಜ್ಯಗಳು ಕರ್ನಾಟಕದ ಹೆಸರಿನಲ್ಲಿ ಮುಂದುವರಿಯಬೇಕು. ಹೀಗಾಗಿ ಹೆಸರು ಬದಲಾದ ದಿನ ಯಾವ ಕಾಗದವೂ ಸುಳ್ಳಾಗಲಿಲ್ಲ. 1964ರ ಮೈಸೂರು ಭೂಕಂದಾಯ ಅಧಿನಿಯಮ ಕರ್ನಾಟಕ ಭೂಕಂದಾಯ ಅಧಿನಿಯಮವಾಯಿತು. 1966ರ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಅಧಿನಿಯಮವೂ ಹುಟ್ಟುವಾಗ ಮೈಸೂರಿನದೇ; ಅದೂ ಕರ್ನಾಟಕದ್ದಾಯಿತು. ಹಾರೋಹಳ್ಳಿಯ ಹೊಲಗಳು ಕಾರ್ಖಾನೆಗಳಾದದ್ದು ಈ ಎರಡನೆಯ ಅಧಿನಿಯಮದಿಂದ. ಜಿಲ್ಲೆಯ ಹೆಸರು ಬದಲಾದದ್ದು ಮೊದಲನೆಯದರಿಂದ.

ಹೌದು, ಜಿಲ್ಲೆಯ ಹೆಸರು ಭೂಕಂದಾಯದ ಕಾನೂನಿಗೆ ಸೇರಿದ ವಿಷಯ. ಜಿಲ್ಲೆ, ತಾಲ್ಲೂಕುಗಳನ್ನು ಹೊಸದಾಗಿ ರಚಿಸಲು, ಅವುಗಳ ಎಲ್ಲೆಯನ್ನೂ ಹೆಸರನ್ನೂ ಬದಲಿಸಲು ಆ ಅಧಿನಿಯಮದ 4ನೆಯ ಪ್ರಕರಣ ರಾಜ್ಯ ಸರ್ಕಾರಕ್ಕೆ ಅಧಿಕಾರ ನೀಡುತ್ತದೆ. ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಟರೆ ಮುಗಿಯಿತು. ರಾಮನಗರದ ವಿಚಾರದಲ್ಲಿ ರಾಜ್ಯದ ಸಚಿವ ಸಂಪುಟ 2024ರ ಜುಲೈನಲ್ಲಿಯೇ ಒಪ್ಪಿಗೆ ನೀಡಿತ್ತು. ಪ್ರಸ್ತಾವವನ್ನು ಕೇಂದ್ರದ ಗೃಹ ಇಲಾಖೆಗೆ ಕಳುಹಿಸಲಾಯಿತು. ಅಲ್ಲಿಂದ ಒಪ್ಪಿಗೆ ಸಿಗಲಿಲ್ಲವೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಬಳಿಕ, ಇದು ರಾಜ್ಯದ ಅಧಿಕಾರಕ್ಕೇ ಸೇರಿದ್ದೆಂಬ ನಿಲುವು ತಳೆದು ಸಂಪುಟ 2025ರ ಮೇ 22ರಂದು ತೀರ್ಮಾನ ಕೈಗೊಂಡಿತು. ಜಿಲ್ಲಾ ಕೇಂದ್ರ ರಾಮನಗರದಲ್ಲಿಯೇ ಉಳಿಯಿತು; ಪಟ್ಟಣದ ಹೆಸರೂ ರಾಮನಗರವೇ. ಬೆಂಗಳೂರಿನ ಹೆಸರಿಗೆ ಜಗತ್ತಿನಲ್ಲಿರುವ ಬೆಲೆಯಿಂದ ಬಂಡವಾಳ ಹರಿದುಬರುತ್ತದೆ, ಭೂಮಿಯ ಮೌಲ್ಯ ಹೆಚ್ಚುತ್ತದೆ ಎಂಬುದು ಉಪಮುಖ್ಯಮಂತ್ರಿಗಳಾಗಿದ್ದ ಡಿ.ಕೆ. ಶಿವಕುಮಾರ್ ಅವರ ವಾದವಾಗಿತ್ತು. ಜಿಲ್ಲೆಯನ್ನು ರಚಿಸಿದ್ದ ಕುಮಾರಸ್ವಾಮಿಯವರು ಇದನ್ನು ಬಲವಾಗಿ ವಿರೋಧಿಸಿದರು. ರಾಜಕೀಯದ ಜಗಳಕ್ಕೆ ಈ ಪುಟದಲ್ಲಿ ಎಡೆಯಿಲ್ಲ. ಕಾನೂನಿನ ಮಟ್ಟಿಗೆ ಹೇಳುವುದಾದರೆ, ಮಹಾರಾಷ್ಟ್ರದ ಔರಂಗಾಬಾದ್ ಮತ್ತು ಉಸ್ಮಾನಾಬಾದ್ ಹೆಸರುಗಳ ಬದಲಾವಣೆಯ ಮೊಕದ್ದಮೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ಸರ್ಕಾರದ ಕ್ರಮವನ್ನು ಎತ್ತಿಹಿಡಿಯಿತು. ಸರ್ವೋಚ್ಚ ನ್ಯಾಯಾಲಯ ಅದೇ ಆಗಸ್ಟಿನಲ್ಲಿ ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ. ಅಲ್ಲಿಯೂ ಆಧಾರ ಭೂಕಂದಾಯದ ಕಾನೂನೇ.

ಆದುದರಿಂದ ಹಿರಿಯರಿಗೆ ನಾನು ಹೇಳಿದ್ದು ಇಷ್ಟು: "ಬೀಗರೇ, ಅಧಿಕಾರ ಇದೆ. ಅಧಿಕಾರ ಇದೆ ಎಂದಮಾತ್ರಕ್ಕೆ ಹೆಸರು ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ."

ಏಕೆಂದರೆ ಈ ಹೆಸರಿನ ತೊಡಕು ಅನುಭವಿಸಿದವರಿಗೇ ಗೊತ್ತು. ಬೆಂಗಳೂರು ನಗರ ಜಿಲ್ಲೆಯೊಳಗೆ 'ಬೆಂಗಳೂರು ದಕ್ಷಿಣ' ಎಂಬ ತಾಲ್ಲೂಕು ಬಹಳ ಹಿಂದಿನಿಂದ ಇದೆ. 'ಬೆಂಗಳೂರು ದಕ್ಷಿಣ' ಎಂಬ ಲೋಕಸಭಾ ಕ್ಷೇತ್ರ ನಗರದ ಬಡಾವಣೆಗಳದ್ದು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಐದು ನಗರಪಾಲಿಕೆಗಳಾದಾಗ ಅವುಗಳಲ್ಲಿ ಒಂದರ ಹೆಸರೂ 'ಬೆಂಗಳೂರು ದಕ್ಷಿಣ'. ಹಾರೋಹಳ್ಳಿಯವರು ಇವು ಯಾವುದಕ್ಕೂ ಸೇರಿದವರಲ್ಲ. ಅವರ ಜಿಲ್ಲೆ ಬೆಂಗಳೂರು ದಕ್ಷಿಣ, ಅವರು ಮತ ಹಾಕುವ ಲೋಕಸಭಾ ಕ್ಷೇತ್ರ ಬೆಂಗಳೂರು ಗ್ರಾಮಾಂತರ! ಸಾಲದ್ದಕ್ಕೆ 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ, ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು 'ಬೆಂಗಳೂರು ಉತ್ತರ' ಎಂದು ಕರೆಯಲು ಒಪ್ಪಿತು. ಪತ್ರ ಹಂಚುವ ಅಂಚೆಯಣ್ಣನ ಪಾಡನ್ನು ಬಲ್ಲವರೇ ಬಲ್ಲರು.

ಇಂತಹ ಗೊಂದಲವನ್ನು ಹಿಂದಿನವರು ಊಹಿಸಿದ್ದರು. ಕೇಂದ್ರದ ಗೃಹ ಇಲಾಖೆ 1953ರ ಸೆಪ್ಟೆಂಬರಿನಲ್ಲಿ ಎಲ್ಲ ರಾಜ್ಯಗಳಿಗೆ ಒಂದು ಪತ್ರ ಬರೆದು, ಊರುಗಳ ಹೆಸರು ಬದಲಿಸುವಾಗ ಪಾಲಿಸಬೇಕಾದ ಸೂತ್ರಗಳನ್ನು ತಿಳಿಸಿತ್ತು. ವಿಶೇಷ ಕಾರಣವಿಲ್ಲದೆ ಜನರ ಬಾಯಲ್ಲಿ ನೆಲೆಯಾದ ಹೆಸರನ್ನು ಬದಲಿಸಬಾರದು. ಇತಿಹಾಸದ ನಂಟಿರುವ ಹೆಸರನ್ನು ಆದಷ್ಟು ಉಳಿಸಬೇಕು. ಕೇವಲ ಸ್ಥಳಾಭಿಮಾನದಿಂದ, ಭಾಷೆಯ ಕಾರಣದಿಂದ ಅಥವಾ ನಾಯಕರ ಗೌರವಾರ್ಥವಾಗಿ ಬದಲಿಸಬಾರದು. ಹೊಸ ಹೆಸರು ಆ ರಾಜ್ಯದಲ್ಲಿಯೋ ಸಮೀಪದಲ್ಲಿಯೋ ಈಗಾಗಲೇ ಇರುವ ಹೆಸರಿನೊಡನೆ ಗೊಂದಲವಾಗದಂತೆ ನೋಡಿಕೊಳ್ಳಬೇಕು. ಇದು ಶಾಸನವಲ್ಲ, ಆಡಳಿತದ ಮಾರ್ಗಸೂಚಿ ಮಾತ್ರ. ಹಳ್ಳಿ, ಪಟ್ಟಣ, ನಗರಗಳ ಹೆಸರು ಬದಲಿಸಲು ರಾಜ್ಯ ಸರ್ಕಾರ ಕೇಂದ್ರದ ನಿರಾಕ್ಷೇಪಣೆಯನ್ನು ಪಡೆಯುವಾಗ ರೈಲ್ವೆ, ಅಂಚೆ, ಭೂಮಾಪನ ಇಲಾಖೆಗಳ ಅಭಿಪ್ರಾಯವನ್ನು ಕೇಳುವ ಪದ್ಧತಿ ಇದೆ. ಜಿಲ್ಲೆಯೆಂಬುದು ಕಂದಾಯದ ಗಡಿಯಾದುದರಿಂದ ಈ ಸೂತ್ರ ಅದಕ್ಕೆ ಕಟ್ಟುನಿಟ್ಟಾಗಿ ತಾಗದಿರಬಹುದು. ಆದರೂ ಕೊನೆಯ ಸೂತ್ರವನ್ನು ಯಾರಾದರೂ ಗಟ್ಟಿಯಾಗಿ ಓದಿದ್ದರೆ ಚೆನ್ನಾಗಿತ್ತೆಂದು ನನಗೆ ಅನ್ನಿಸುತ್ತದೆ.

ಬೆಂಗಳೂರಿಗೆ ಅದರ ಕನ್ನಡದ ಹೆಸರು ಅಧಿಕೃತವಾಗಿ ದೊರೆತದ್ದು ಈ ದೀರ್ಘವಾದ ದಾರಿಯಲ್ಲಿಯೇ. ಯು.ಆರ್. ಅನಂತಮೂರ್ತಿಯವರು 2005ರಲ್ಲಿ ಸಲಹೆ ಮಾಡಿದರು. ಕೇಂದ್ರದ ಒಪ್ಪಿಗೆ ಬಂದದ್ದು 2014ರ ಅಕ್ಟೋಬರಿನಲ್ಲಿ. ನವೆಂಬರ್ 1ರಂದು ಬೆಂಗಳೂರು, ಮೈಸೂರು, ಮಂಗಳೂರು, ಬೆಳಗಾವಿ, ಕಲಬುರಗಿ, ವಿಜಯಪುರ, ಹುಬ್ಬಳ್ಳಿ, ಬಳ್ಳಾರಿ, ಶಿವಮೊಗ್ಗ, ತುಮಕೂರು, ಚಿಕ್ಕಮಗಳೂರು, ಹೊಸಪೇಟೆ ಈ ಹನ್ನೆರಡು ಹೆಸರುಗಳು ಜಾರಿಗೆ ಬಂದವು. ಸಲಹೆ ಮಾಡಿದ ಅನಂತಮೂರ್ತಿಯವರು ಅದೇ ಆಗಸ್ಟಿನಲ್ಲಿ ನಮ್ಮನ್ನಗಲಿದ್ದರು. ಈ ಹನ್ನೆರಡರಲ್ಲಿ ಹನ್ನೊಂದು, ಜನ ಮನೆಯಲ್ಲಿ ಆಡುತ್ತಿದ್ದ ಹೆಸರನ್ನೇ ಸರ್ಕಾರ ಒಪ್ಪಿಕೊಂಡದ್ದು; ಬಿಜಾಪುರ ವಿಜಯಪುರವಾದದ್ದು ಮಾತ್ರ ಬೇರೆ ಬಗೆಯದು. 'ಬೆಂಗಳೂರು ದಕ್ಷಿಣ ಜಿಲ್ಲೆ' ಎಂದು ಯಾವ ಅಜ್ಜಿಯೂ ಆಡಿರಲಿಲ್ಲ. ವ್ಯತ್ಯಾಸ ಅಲ್ಲಿದೆ.

ಹಾಗೆಂದು ರಾಮನಗರ ಎಂಬುದು ಆದಿಯಿಂದ ಬಂದ ಹೆಸರೂ ಅಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿಗೆ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್ ಎಂಬವನ ಹೆಸರಿನಿಂದ ಆ ಊರು ಕ್ಲೋಸ್‌ಪೇಟೆ ಎನಿಸಿಕೊಂಡಿತ್ತು. ಅಲ್ಲಿಯ ಬೆಟ್ಟಗಳ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಕರೆಯುತ್ತಾರೆ. ಯಾವ ಅಧಿಸೂಚನೆಯೂ ಆ ಕಲ್ಲಿನ ಹೆಸರನ್ನು ಅಲುಗಿಸಿಲ್ಲ.

ಭಾಷೆಯ ಕಾರಣಕ್ಕೆ ಹೆಸರು ಬದಲಿಸಬಾರದೆಂಬ ಸೂತ್ರದ ಬೆಲೆ ಗಡಿಯ ಕನ್ನಡಿಗರಿಗೆ ಚೆನ್ನಾಗಿ ತಿಳಿದಿದೆ. ಕಾಸರಗೋಡು, ಮಂಜೇಶ್ವರಗಳ ಕಡೆಯ ಊರ ಹೆಸರುಗಳನ್ನು ಮಲಯಾಳದ ಉಚ್ಚಾರಕ್ಕೆ ತಿರುಗಿಸಲಾಗುತ್ತಿದೆಯೆಂದು 2021ರ ಜೂನ್‌ನಲ್ಲಿ ಸುದ್ದಿ ಹಬ್ಬಿದಾಗ ಕರ್ನಾಟಕದಿಂದ ಕೇರಳದ ಮುಖ್ಯಮಂತ್ರಿಗಳಿಗೆ ಪತ್ರಗಳು ಹೋದವು. ಅಂತಹ ತೀರ್ಮಾನವಾಗಿಲ್ಲವೆಂದು ಆ ಕಡೆಯಿಂದ ಸ್ಪಷ್ಟನೆ ಬಂದಿತು. ಮಧೂರು 'ಮಧೂರಂ' ಆದರೆ ಏನು ನಷ್ಟವೆಂದು ಬೆಂಗಳೂರಿನಲ್ಲಿ ಕುಳಿತವರು ಕೇಳಬಹುದು. ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ಅಲ್ಲಿಯ ತಂದೆತಾಯಿಗಳನ್ನು ಕೇಳಿದರೆ ಉತ್ತರ ದೊರೆಯುತ್ತದೆ. ದೇಶದ ಎಲ್ಲ ಊರುಗಳ ಪ್ರಾಚೀನ ಹೆಸರುಗಳನ್ನು ಹುಡುಕಿ ಮರಳಿಸಲು ಆಯೋಗವೊಂದನ್ನು ನೇಮಿಸಬೇಕೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದ ಅರ್ಜಿಯನ್ನು 2023ರ ಫೆಬ್ರವರಿ 27ರಂದು ವಜಾ ಮಾಡಲಾಯಿತು. ಆ ಪೀಠದಲ್ಲಿದ್ದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಕರ್ನಾಟಕದ ಬಿ.ವಿ. ನಾಗರತ್ನ ಅವರೂ ಒಬ್ಬರು.

ನಮ್ಮ ಮನೆಗಳಿಗೆ ಹತ್ತಿರವಾದ ಮತ್ತೊಂದು ವಿಚಾರವಿದೆ: ಶರಣರ, ಸಂತರ, ನಾಡಿನ ವೀರರ ಹೆಸರುಗಳನ್ನು ಸರ್ಕಾರ ತನ್ನ ಸಂಸ್ಥೆಗಳಿಗೆ, ಪ್ರದೇಶಗಳಿಗೆ ಇಡುವುದು. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯವರ ಹೆಸರು ಬಂದಿತು. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕ 'ಕಲ್ಯಾಣ ಕರ್ನಾಟಕ'ವಾಯಿತು. 2021ರ ನವೆಂಬರಿನಲ್ಲಿ ಮುಂಬಯಿ ಕರ್ನಾಟಕ 'ಕಿತ್ತೂರು ಕರ್ನಾಟಕ'ವಾಯಿತು. 2024ರ ಜನವರಿಯಲ್ಲಿ ಬಸವಣ್ಣನವರನ್ನು ರಾಜ್ಯದ ಸಾಂಸ್ಕೃತಿಕ ನಾಯಕರೆಂದು ಘೋಷಿಸಲಾಯಿತು. ಇವೆಲ್ಲವೂ ಸಂತೋಷ ಕೊಡುವ ಸಂಗತಿಗಳು. ಆದರೆ ಕಾನೂನಿನ ಬಲ ಎಲ್ಲಕ್ಕೂ ಒಂದೇ ತೆರನಾಗಿಲ್ಲವೆಂಬುದನ್ನು ಅರಿತಿರಬೇಕು. ಶಾಸನದಲ್ಲಿ ಬರೆದ ಹೆಸರನ್ನು ಶಾಸನದಿಂದಲೇ ತಿದ್ದಬೇಕು. ಪ್ರದೇಶದ ಹೆಸರಿಗೆ ಸರ್ಕಾರದ ಆದೇಶ ಸಾಕು, ಆದರೆ ಆ ಆದೇಶ ಸಂವಿಧಾನದ ಅಕ್ಷರಗಳನ್ನು ಮುಟ್ಟಲಾರದು. ಕಲ್ಯಾಣದ ಜಿಲ್ಲೆಗಳಿಗೆ ವಿಶೇಷ ಸೌಲಭ್ಯ ಕೊಟ್ಟ 371ಜೆ ಅನುಚ್ಛೇದದಲ್ಲಿ ಇಂದಿಗೂ ಇರುವುದು 'ಹೈದರಾಬಾದ್-ಕರ್ನಾಟಕ ಪ್ರದೇಶ' ಎಂದೇ. ಸೌಲಭ್ಯ ಕೋರುವ ನಮ್ಮ ಮಕ್ಕಳು ಕಾಗದದಲ್ಲಿ ಎರಡೂ ಹೆಸರುಗಳನ್ನು ಕಂಡು ಗಾಬರಿಯಾಗುವುದು ಬೇಡ.

ಜೀವಂತವಾಗಿರುವವರ ಹೆಸರನ್ನು ಸರ್ಕಾರದ ಯೋಜನೆಗೆ ಇಡಬಹುದೆ? ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ಹೆಸರಿದ್ದ ಯೋಜನೆಯ ವಿಚಾರದಲ್ಲಿ ಮದರಾಸು ಉಚ್ಚ ನ್ಯಾಯಾಲಯ 2025ರ ಜುಲೈ ಕೊನೆಯಲ್ಲಿ ಕೂಡದೆಂದಿತು. ಒಂದು ವಾರದೊಳಗೆ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಇಂದು ಅದಕ್ಕೆ ಕಾನೂನಿನ ನಿಷೇಧವಿಲ್ಲ. ನಾಚಿಕೆಯೊಂದೇ ನಿಷೇಧವಾಗಬಲ್ಲದು, ಅದನ್ನು ಯಾವ ನ್ಯಾಯಾಲಯವೂ ಜಾರಿಗೆ ತರಲಾರದು.

ಈ ಜಿಲ್ಲೆಯ ವಿಚಾರದಲ್ಲಿ ನನ್ನ ಮನಸ್ಸು ಮಾಗಡಿ ತಾಲ್ಲೂಕಿನ ವೀರಾಪುರದ ಕಡೆಗೆ ಹೋಗುತ್ತದೆ. ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು 1907ರ ಏಪ್ರಿಲ್ 1ರಂದು ಜನಿಸಿದ ಊರದು. ಅವರ ಚರಿತ್ರೆ ಬರೆದವರಲ್ಲಿ ಕೆಲವರು ಬೆಂಗಳೂರು ಜಿಲ್ಲೆಯೆಂದರು, ಕೆಲವರು ಬೆಂಗಳೂರು ಗ್ರಾಮಾಂತರವೆಂದರು, ಮುಂದೆ ರಾಮನಗರವೆಂದರು. ಇನ್ನು ಬರೆಯುವವರು ಬೆಂಗಳೂರು ದಕ್ಷಿಣವೆಂದಾರು. ಯಾರದೂ ತಪ್ಪಲ್ಲ. ಭಕ್ತರು ಮಾತ್ರ ಒಂದು ನೂರು ವರ್ಷದಿಂದ ವೀರಾಪುರ ಎನ್ನುತ್ತಲೇ ಇದ್ದಾರೆ.

ಈಗ ಹಾರೋಹಳ್ಳಿಯ ಪಡಸಾಲೆಗೆ ಮರಳೋಣ. ಊಟದ ನಂತರ ಹಿರಿಯರು ಪೆಟ್ಟಿಗೆಯ ತಳದಿಂದ ಇನ್ನೊಂದು ಕಟ್ಟನ್ನು ತೆಗೆದರು. ಜಿಲ್ಲೆಯ ಹೆಸರಿಗೆ ಅವರು ಅಷ್ಟು ರೇಗಿದ್ದೇಕೆಂಬುದು ನನಗೆ ಆಗ ತಿಳಿಯಿತು.

ಅವರಿಗೆ ನಾಲ್ಕು ತುಂಡು ಹೊಲಗಳಿದ್ದವು. ಮನೆಯವರು ಅವನ್ನು ಹುಣಸೇಮರದ ಹೊಲ, ಗುಡಿ ಮುಂದಿನ ಹೊಲ ಎಂದು ಕರೆಯುತ್ತಿದ್ದರು. ಕಂದಾಯದ ಪುಸ್ತಕಕ್ಕೆ ಅವು ಸರ್ವೆ ನಂಬರುಗಳು. ಕೈಗಾರಿಕಾ ಪ್ರದೇಶವಾಗುವಾಗ ಕಾನೂನಿನ ಕ್ರಮ ಹೀಗೆ: ಮೊದಲು 3ನೆಯ ಪ್ರಕರಣದಂತೆ ಕೈಗಾರಿಕಾ ಪ್ರದೇಶವೆಂಬ ಘೋಷಣೆ, ಆಮೇಲೆ 28ನೆಯ ಪ್ರಕರಣದಂತೆ ಪ್ರಾಥಮಿಕ ಅಧಿಸೂಚನೆ, ಬಳಿಕ ಅಂತಿಮ ಅಧಿಸೂಚನೆ. ಅದರೊಡನೆ ಭೂಮಿ ಸರ್ಕಾರಕ್ಕೆ ಸೇರುತ್ತದೆ. ಅನಂತರ ಅದು ಒಂದನೆಯ ಹಂತ, ಎರಡನೆಯ ಹಂತ, ಮೂರನೆಯ ಹಂತ ಎಂದಾಗಿ ನಿವೇಶನಗಳ ಸಂಖ್ಯೆಯಾಗುತ್ತದೆ. ಸುತ್ತಣ ಹತ್ತಾರು ಹಳ್ಳಿಗಳ ನೆಲಕ್ಕೆಲ್ಲ 'ಹಾರೋಹಳ್ಳಿ' ಎಂಬ ಒಂದೇ ಹೆಸರು. ಹೊಲದ ಹೆಸರನ್ನು ಬದಲಿಸಲು ಯಾವ ಅಧಿಸೂಚನೆಯೂ ಬೇಕಾಗಲಿಲ್ಲ. ಅದು ಯಾವ ಪುಸ್ತಕದಲ್ಲಿಯೂ ಇರಲೇ ಇಲ್ಲ. ಈಗ ಅಲ್ಲಿ ಎದ್ದಿರುವ ಕಾರ್ಖಾನೆಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಹೇಳುತ್ತದೆ. ಒಳ್ಳೆಯದೇ. ಅಕ್ಷರ ಕನ್ನಡದ್ದು, ಹೆಸರು ಯಾವ ದೇಶದ್ದೋ ಓದಿ ತಿಳಿಯಬೇಕು.

ಭೂಸ್ವಾಧೀನದ ಅಧಿಸೂಚನೆಯಲ್ಲಿ ಊರು, ಸರ್ವೆ ನಂಬರುಗಳೊಡನೆ ಖಾತೆದಾರರ ಹೆಸರುಗಳೂ ಅಚ್ಚಾಗುತ್ತವೆ. ಹಿರಿಯರ ತಂದೆಯವರ ಹೆಸರು 'ಅಯ್ಯ' ಎಂದು ಮುಗಿಯಬೇಕಾಗಿತ್ತು. ಹಳೆಯ ಕೈಬರಹದ ಪುಸ್ತಕದಿಂದ ಮುಂದಿನ ಪುಸ್ತಕಕ್ಕೆ ನಕಲಾಗುವಾಗ ಯಾವಾಗಲೋ, ಯಾರದೋ ಕೈಯಲ್ಲಿ, ಒಂದು ಸರ್ವೆ ನಂಬರಿನ ಮುಂದೆ ಅದು 'ಅಪ್ಪ' ಎಂದಾಗಿತ್ತು. ಮೂರು ತುಂಡಿನ ಪರಿಹಾರ ಬಂದಿತು. ನಾಲ್ಕನೆಯದು ನಿಂತಿತು. 'ಅಯ್ಯ'ನವರೂ 'ಅಪ್ಪ'ನವರೂ ಒಬ್ಬರೇ ಎಂದು ಸಾಬೀತುಪಡಿಸಿರೆಂದು ಒಂದು ಕಚೇರಿಯಲ್ಲಿ ಹೇಳಿದರು. ಪ್ರಮಾಣಪತ್ರ, ವಂಶವೃಕ್ಷ, ಮರಣದ ದಾಖಲೆ, ಪತ್ರಿಕೆಯಲ್ಲಿ ಪ್ರಕಟಣೆ, ಹೀಗೆ ಒಂದಾದ ಮೇಲೊಂದು. ತೀರಿಕೊಂಡು ಬಹಳ ವರ್ಷಗಳಾದ ತಂದೆ ತಾನೇ ತಾನೆಂದು ಬಂದು ಹೇಳಲಾರರು. ಹಕ್ಕಿನ ಬಗ್ಗೆ ವಿವಾದವಿದ್ದರೆ ಪರಿಹಾರದ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬಹುದು. ಆಮೇಲೆ ಅದನ್ನು ಬಿಡಿಸಿಕೊಳ್ಳುವುದು ಮತ್ತೊಂದು ವ್ಯಾಜ್ಯ. ಮೊಮ್ಮಗಳ ಮದುವೆಗೆಂದು ಹಿರಿಯರು ನೆಚ್ಚಿಕೊಂಡಿದ್ದುದು ಆ ನಾಲ್ಕನೆಯ ತುಂಡಿನ ಹಣವನ್ನೇ.

"ಸರ್ಕಾರ ಜಿಲ್ಲೆಯ ಹೆಸರನ್ನು ಒಂದು ಬೆಳಿಗ್ಗೆ ಬದಲಾಯಿಸಿತು" ಎಂದರು ಅವರು. "ಹಳೆಯ ಕಾಗದಗಳೆಲ್ಲ ನಡೆಯುತ್ತವಂತೆ. ನಮ್ಮಪ್ಪನ ಹೆಸರಿನಲ್ಲಿ ಒಂದಕ್ಷರ ತಾನಾಗಿ ಬದಲಾಯಿತು. ನಮ್ಮ ಕಾಗದ ಯಾಕೆ ನಡೆಯುವುದಿಲ್ಲ, ಬೀಗರೇ?"

ಮೇಲೆ ನೆನಪಿನಲ್ಲಿಡಿರೆಂದು ಕೋರಿದ ಏರ್ಪಾಡು ಇಲ್ಲಿ ಎದುರು ನಿಲ್ಲುತ್ತದೆ. ರಾಜ್ಯ ತನ್ನ ಹೆಸರನ್ನು ಬದಲಿಸಿಕೊಂಡಾಗ, ಹಳೆಯ ಹೆಸರನ್ನು ಹೊಸದೆಂದೇ ಓದಿಕೊಳ್ಳತಕ್ಕದ್ದು ಎಂಬ ವಾಕ್ಯವನ್ನು ಕಾನೂನಿನಲ್ಲಿಯೇ ಬರೆದುಕೊಂಡಿತು. ರೈತನ ಹೆಸರು ಸರ್ಕಾರದ ಪುಸ್ತಕದಲ್ಲಿಯೇ ಬದಲಾದಾಗ ಅಂತಹ ವಾಕ್ಯದ ಆಸರೆ ಅವನಿಗಿಲ್ಲ. ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮಾಡಬಹುದಾದುದನ್ನು ಮಾತ್ರ ತಿಳಿಸಿದೆ. ಅದನ್ನು ಇಲ್ಲಿಯೂ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಜಿಲ್ಲೆ, ತಾಲ್ಲೂಕುಗಳ ಹೆಸರು ಬದಲಾಯಿತೆಂದು ಕ್ರಯಪತ್ರ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ ಯಾವುದನ್ನೂ ಹೊಸದಾಗಿ ಮಾಡಿಸಬೇಕಾಗಿಲ್ಲ. ಹಾಗೆಂದು ಹೇಳಿ ಹಣ ಕೇಳುವ ಮಧ್ಯವರ್ತಿಗಳನ್ನು ಹೊಸ್ತಿಲ ಆಚೆಯೇ ನಿಲ್ಲಿಸಿರಿ. ಅಚ್ಚಾದ ದಿನ ಯಾವ ಹೆಸರು ಇತ್ತೋ ಅದು ಆ ದಿನದ ಮಟ್ಟಿಗೆ ಸರಿ. ಆದರೆ ಮನುಷ್ಯರ ಹೆಸರನ್ನು ನೋಡಿಕೊಳ್ಳಿರಿ. ಪಹಣಿಯನ್ನು ತೆಗೆಸಿ, ಖಾತೆದಾರರ ಹೆಸರು, ತಂದೆಯ ಹೆಸರುಗಳನ್ನು ಕ್ರಯಪತ್ರದೊಡನೆ, ಆಧಾರ್ ಚೀಟಿಯೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿರಿ. ಅಪ್ಪ, ಅಯ್ಯ, ಅಣ್ಣ, ಸ್ವಾಮಿ ಇವು ನಮ್ಮ ಬಾಯಲ್ಲಿ ಗೌರವದ ನುಡಿಗಳು, ಒಂದರ ಬದಲು ಇನ್ನೊಂದು ಸಲೀಸಾಗಿ ಬಂದುಬಿಡುತ್ತದೆ. ಪುಸ್ತಕದಲ್ಲಿ ಅವು ಬೇರೆ ಬೇರೆ ಮನುಷ್ಯರು. ವ್ಯತ್ಯಾಸ ಕಂಡರೆ ಹಿರಿಯರು ಬದುಕಿರುವಾಗಲೇ, ಅವರ ಸಹಿಯಿಂದಲೇ, ತಹಶೀಲ್ದಾರರಿಗೆ ತಿದ್ದುಪಡಿಯ ಅರ್ಜಿ ಕೊಡಿಸಿರಿ. ನಮೂದಿನ ಆದೇಶ ಸರಿಯಿಲ್ಲವೆನಿಸಿದರೆ ಭೂಕಂದಾಯ ಅಧಿನಿಯಮದ 136ನೆಯ ಪ್ರಕರಣದಂತೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಉಂಟು. ಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಬಂದರೆ ಆಕ್ಷೇಪಣೆಗೆ ಕೊಟ್ಟಿರುವ ಅವಧಿಯಲ್ಲಿಯೇ ಹೆಸರಿನ ತಪ್ಪನ್ನೂ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿಯ ಮೊಹರನ್ನು ಹಾಕಿಸಿಕೊಳ್ಳಿರಿ. ಹೆಣ್ಣುಮಕ್ಕಳ ಹೆಸರು ತವರಿನಲ್ಲಿ ಒಂದು, ಸೇರಿದ ಮನೆಯಲ್ಲಿ ಒಂದು ಆಗಿರುವ ವಾಡಿಕೆ ಕೆಲವೆಡೆ ಇನ್ನೂ ಇದೆ. ತವರಿನ ಆಸ್ತಿಯಲ್ಲಿ ಅವರ ಪಾಲು ಬರುವ ದಿನ ಅದೇ ಅಡ್ಡಿಯಾಗುತ್ತದೆ. ಮದುವೆಯ ನೋಂದಣಿಯ ಕಾಗದವನ್ನು ಜೋಪಾನವಾಗಿಡಿರಿ.

ಸಂಜೆಯ ಹೊತ್ತಿಗೆ ಅಚ್ಚುಕೂಟದಿಂದ ಎರಡು ಬಾರಿ ಫೋನು ಬಂದಿತು. ಮಗ ಕರಡನ್ನು ತಂದು ತಂದೆಯ ಕೈಗೆ ಕೊಟ್ಟರು. ಹಿರಿಯರು ಬಹಳ ಹೊತ್ತು ನೋಡಿ, ಜಿಲ್ಲೆಯ ಸಾಲಿನ ಮೇಲೆ ಗೆರೆ ಎಳೆದು, ಊರಿನ ಹೆಸರಿನ ಮುಂದೆ 'ಹಾರೋಹಳ್ಳಿ' ಎಂದು ಮಾತ್ರ ಬಿಟ್ಟು, ಪಕ್ಕದಲ್ಲಿ ಅಂಚೆಯ ಸಂಖ್ಯೆ 562112 ಎಂದು ಬರೆದರು. ಆಮೇಲೆ ಮೇಲಿನ ಸಾಲಿಗೆ ಹೋಗಿ, ತಮ್ಮ ತಂದೆಯವರ ಹೆಸರಿನ ಕೊನೆಯ ಅಕ್ಷರಗಳ ಕೆಳಗೆ ಬೆರಳಿಟ್ಟು, "ಇಲ್ಲಿ 'ಅಯ್ಯ' ಅಂತ ಇದೆ ತಾನೆ? ಅಚ್ಚಿನವನಿಗೆ ಇನ್ನೊಂದು ಸಲ ಹೇಳು" ಎಂದರು.